ಬಾಯಿಪಾಠದ ಪ್ರಬಂಧ: ಒಂದು ಖಂಡನೆ

ಒಂದು ವಿಷಯವನ್ನು ಬಲ್ಲವರು ಅರಿಯದವರಿಗೆ ತಿಳಿಯುವಂತೆ ಹೇಳುವ ಗದ್ಯವೇ ಮಾಹಿತಿ ಪ್ರಬಂಧ. ಅದನ್ನು ಓದಿ ಮುಗಿಸಿದವರಿಗೆ ಮೊದಲು ಗೊತ್ತಿಲ್ಲದ್ದು ಏನಾದರೂ ಗೊತ್ತಾಗಿರಬೇಕು, ಗೊತ್ತಾದದ್ದನ್ನು ಅವರು ಇನ್ನೊಬ್ಬರಿಗೆ ಹೇಳುವಂತಿರಬೇಕು. ಅದನ್ನು ಅಳೆಯಲು ಬೇರೆ ಅಳತೆಗೋಲು ಬೇಕಿಲ್ಲ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯವೇ ಬೇರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಉಪಶೀರ್ಷಿಕೆ ಹಾಕಬೇಕು. ಮೊದಲಿಗೆ ಒಂದು ಗಾದೆ ಅಥವಾ ಕವಿವಾಣಿ ಇರಬೇಕು. ನಡುವೆ ಯಾವ ವಿಷಯಕ್ಕೂ ಒಪ್ಪುವ ಹತ್ತು ಹದಿನೈದು ವಾಕ್ಯ ಬರಬೇಕು, ಕೊನೆಗೆ ಎಲ್ಲರೂ ಕೈಜೋಡಿಸೋಣ ಎಂಬ ಕರೆ ಇರಬೇಕು. ಇಷ್ಟಾದರೆ ಪ್ರಬಂಧ ಆಯಿತು, ಇದನ್ನು ಬಾಯಿಪಾಠ ಮಾಡಿಸುವುದೇ ಪ್ರಬಂಧ ಕಲಿಸುವ ದಾರಿ, ಅದರಲ್ಲೂ ಹಿಂದುಳಿದ ಜಿಲ್ಲೆಯ ಮಕ್ಕಳಿಗೆ ಇದೊಂದೇ ದಾರಿ ಎಂಬುದು ಆ ಅಭಿಪ್ರಾಯ. ಈ ಅಭಿಪ್ರಾಯ ತಪ್ಪು. ಇದರಿಂದ ಹಾನಿಯೂ ಇದೆ, ಆ ಹಾನಿ ಹೆಚ್ಚು ತಟ್ಟುವುದು ಯಾರ ಹಿತಕ್ಕಾಗಿ ಇದನ್ನು ಸಮರ್ಥಿಸಲಾಗುತ್ತದೆಯೋ ಅದೇ ಹಳ್ಳಿಯ ಮಕ್ಕಳಿಗೆ.

ಈ ಪದ್ಧತಿಯ ತವರು ಎಸ್ಸೆಸ್ಸೆಲ್ಸಿ ಪರೀಕ್ಷೆ. ಪ್ರಥಮ ಭಾಷೆ ಕನ್ನಡದ ಪತ್ರಿಕೆಯಲ್ಲಿ ಪತ್ರಲೇಖನದ ಜೊತೆಗೆ ಪ್ರಬಂಧವೂ ಇರುತ್ತದೆ. ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಭಾವೈಕ್ಯ, ಸ್ವಚ್ಛ ಭಾರತ, ಸಾಮಾಜಿಕ ಪಿಡುಗುಗಳು ಹೀಗೆ ವಿಷಯಗಳು ವರ್ಷದಿಂದ ವರ್ಷಕ್ಕೆ ಮರಳಿ ಬರುತ್ತವೆ. ಬರುವ ವಿಷಯ ಮೊದಲೇ ಊಹೆಗೆ ಸಿಗುವುದರಿಂದ ಗೈಡುಗಳು ಹುಟ್ಟಿಕೊಂಡವು, ಗೈಡಿನ ಪ್ರಬಂಧ ಟ್ಯೂಷನ್ನಿಗೆ ಬಂತು, ಟ್ಯೂಷನ್ನಿನದು ತರಗತಿಯ ಕರಿಹಲಗೆಗೆ ಬಂತು. ಈಗ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಕಿರುಹೊತ್ತಿಗೆಗಳಲ್ಲಿ ಅದೇ ಪ್ರಬಂಧ ಇನ್ನಷ್ಟು ಸಣ್ಣದಾಗಿ, ಇನ್ನಷ್ಟು ಟೊಳ್ಳಾಗಿ ಅಚ್ಚಾಗುತ್ತಿದೆ.

ಟೊಳ್ಳು ಎನ್ನಲು ಆಧಾರವಿದೆ. ಗ್ರಂಥಾಲಯದ ಮೇಲಿನ ಸಿದ್ಧ ಪ್ರಬಂಧವನ್ನೇ ನೋಡಬಹುದು. ಪುಸ್ತಕಗಳು ಜ್ಞಾನದ ಭಂಡಾರ, ಗ್ರಂಥಾಲಯ ಜ್ಞಾನದ ದೇಗುಲ, ಅದರ ಸದುಪಯೋಗ ಪಡೆಯುವುದು ಎಲ್ಲರ ಕರ್ತವ್ಯ ಎಂದು ಅದು ಹೇಳುತ್ತದೆ. ಗ್ರಂಥಾಲಯ ಎಂಬ ಪದವನ್ನು ತೆಗೆದು ಶಾಲೆ ಎಂಬ ಪದವನ್ನು ಕೂರಿಸಿದರೂ ಆ ಪ್ರಬಂಧ ಹಾಗೆಯೇ ನಡೆಯುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಒಂದು ಕಾಯ್ದೆ ಇದೆ ಎಂದಾಗಲಿ, ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರದಿಂದ ಅವು ನಡೆಯುತ್ತವೆ ಎಂದಾಗಲಿ, ಅಂದರೆ ಊರಿನ ಪ್ರತಿ ಮನೆಯವರೂ ಅದರ ಖರ್ಚಿನಲ್ಲಿ ಪಾಲುದಾರರು ಎಂದಾಗಲಿ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಈ ಒಂದು ಸಂಗತಿ ತಿಳಿದ ಹುಡುಗಿ ಪಂಚಾಯಿತಿ ಗ್ರಂಥಾಲಯದ ಬಾಗಿಲು ಮುಚ್ಚಿದ್ದರೆ ಯಾಕೆಂದು ಕೇಳಬಲ್ಲಳು. ಭಂಡಾರ, ದೇಗುಲ ಎಂಬ ಹೊಗಳಿಕೆ ಬಾಯಿಪಾಠ ಮಾಡಿದವಳಿಗೆ ಕೇಳಲು ಏನೂ ಸಿಕ್ಕಿರುವುದಿಲ್ಲ.

ವಿಷಯವನ್ನು ಒಂದು ಊರಿಗೆ ತಂದು ನೋಡಿದರೆ ಈ ಪದ್ಧತಿಯ ದೋಷ ಇನ್ನೂ ಸ್ಪಷ್ಟವಾಗುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕು ಈಚೆಗೆ ಸುತ್ತಲಿನ ಲಿಂಗಸುಗೂರು, ಸಿಂಧನೂರು ಮುಂತಾದ ತಾಲ್ಲೂಕುಗಳ ಹಳ್ಳಿಗಳಿಂದ ರೂಪುಗೊಂಡದ್ದು. ಪಾಮನಕಲ್ಲೂರು ಅಲ್ಲಿನ ಒಂದು ಗ್ರಾಮ. ಈ ಸೀಮೆಯಲ್ಲಿ ನೀರು ಎಲ್ಲ ಮಾತಿನ ನಡುವೆಯೂ ಬರುವ ವಿಷಯ. ದಕ್ಷಿಣಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸಿಂಧನೂರು ಭತ್ತದ ನಾಡಾಗಿದೆ. ಉತ್ತರಕ್ಕೆ ಕೃಷ್ಣಾ ನದಿ, ನಾರಾಯಣಪುರದ ಬಸವಸಾಗರ ಜಲಾಶಯ, ಅದರ ಬಲದಂಡೆ ಕಾಲುವೆ. ಎರಡು ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದ್ದೂ ಎರಡರ ನೀರೂ ಸರಿಯಾಗಿ ಮುಟ್ಟದ ಹಳ್ಳಿಗಳು ಇಲ್ಲಿವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಯಿಂದ ಹರಿನೀರಾವರಿ ಬೇಕೆಂದು ಈ ಭಾಗದ ರೈತರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ಸರ್ಕಾರ ಮುಂದಿಟ್ಟ ದಾರಿ ನಂದವಾಡಗಿ ಏತ ನೀರಾವರಿ ಯೋಜನೆ. ಧರಣಿ ತಿಂಗಳುಗಟ್ಟಲೆ ನಡೆಯಿತು. 2021ರ ಏಪ್ರಿಲ್‌ನಲ್ಲಿ ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಬಂದಾಗ ಕಾಲುವೆಯೇ ಅದರ ದೊಡ್ಡ ವಿಷಯವಾಯಿತು.

ಈ ಸೀಮೆಯ ವಿದ್ಯಾರ್ಥಿಗೆ ‘ನೀರಿನ ಮಹತ್ವ’ ಎಂಬ ಪ್ರಬಂಧ ಬಂದರೆ ಬಾಯಿಪಾಠದ ಪದ್ಧತಿ ಅವನ ಕೈಗೆ ಕೊಡುವುದೇನು? ನೀರು ಜೀವಜಲ, ಭೂಮಿಯ ಮುಕ್ಕಾಲು ಭಾಗ ನೀರು, ಹನಿ ಹನಿ ಕೂಡಿದರೆ ಹಳ್ಳ, ನೀರನ್ನು ಮಿತವಾಗಿ ಬಳಸೋಣ. ಮಿತವಾಗಿ ಬಳಸಲು ನೀರೇ ಬಾರದ ಹೊಲದ ಮಗುವಿನಿಂದ ಈ ವಾಕ್ಯ ಬರೆಸುವುದು ಅದರ ಕಣ್ಣು ಕಂಡದ್ದನ್ನು ಸುಳ್ಳೆಂದು ಒಪ್ಪಿಸಿದಂತೆ. ಅಪ್ಪ ಧರಣಿಗೆ ಹೋಗಿ ಬಂದದ್ದು, ಕಾಲುವೆಯ ಹೆಸರಿನ ಹಿಂದಿನ ಅಂಕಿ ಅಕ್ಷರ, ಏತಕ್ಕೂ ಹರಿನೀರಿಗೂ ಇರುವ ವ್ಯತ್ಯಾಸ ಎಲ್ಲವೂ ಮನೆಯ ಮಾತಿನಲ್ಲಿ ಆ ಮಗುವಿನ ಕಿವಿಗೆ ಬಿದ್ದಿರುತ್ತದೆ. ಪ್ರಬಂಧದ ಪುಟಕ್ಕೆ ಮಾತ್ರ ಅದಾವುದೂ ಬರಕೂಡದು. ತನಗೆ ಗೊತ್ತಿರುವುದು ಜ್ಞಾನವಲ್ಲ, ಗೈಡಿನಲ್ಲಿರುವುದೇ ಜ್ಞಾನ ಎಂಬ ಪಾಠ ಹೀಗೆ ಮನಸ್ಸಿಗೆ ಇಳಿಯುತ್ತದೆ. ಈ ಪದ್ಧತಿ ಮಾಡುವ ಅತಿ ದೊಡ್ಡ ಕೆಡುಕು ಇದು. ಉಳಿದ ದೋಷಗಳನ್ನು ತಿದ್ದಬಹುದು, ಹದಿನೈದನೆಯ ವಯಸ್ಸಿನಲ್ಲಿ ಸ್ವಂತ ತಿಳಿವಿನ ಮೇಲೆ ಹುಟ್ಟಿದ ಅಪನಂಬಿಕೆಯನ್ನು ತಿದ್ದುವುದು ಬಹಳ ಕಷ್ಟ.

ಅದೇ ವಿಷಯವನ್ನು ಮಾಹಿತಿ ಪ್ರಬಂಧವಾಗಿ ಬರೆಯುವುದು ಹೇಗೆ? ಮೊದಲ ಕೆಲಸ ವಿಷಯವನ್ನು ಕಿರಿದಾಗಿಸುವುದು. ‘ನೀರು’ ಎಂಬುದು ಮೂರು ಪುಟದಲ್ಲಿ ಹಿಡಿಸುವ ವಿಷಯವಲ್ಲ, ‘ಪಾಮನಕಲ್ಲೂರು ಸೀಮೆಗೆ ಕಾಲುವೆ ನೀರಿನ ಪ್ರಶ್ನೆ’ ಎಂಬುದು ಹಿಡಿಸುತ್ತದೆ. ಎರಡನೆಯದು, ಓದುಗರು ಯಾರೆಂದು ನಿಶ್ಚಯಿಸಿಕೊಳ್ಳುವುದು. ಕಾರವಾರದಲ್ಲೋ ಮಡಿಕೇರಿಯಲ್ಲೋ ಇರುವ, ಈ ಸೀಮೆಯನ್ನು ಕಾಣದ, ತನ್ನದೇ ವಯಸ್ಸಿನ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಏನನ್ನು ವಿವರಿಸಬೇಕು, ಏನನ್ನು ಬಿಡಬಹುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅಂಥ ಓದುಗರು ಕೇಳಬಹುದಾದ ಪ್ರಶ್ನೆಗಳೇ ಪ್ರಬಂಧದ ಅನುಕ್ರಮ. ಈ ಊರು ಎಲ್ಲಿದೆ? ಎರಡು ನದಿ ಹತ್ತಿರವಿದ್ದೂ ನೀರೇಕೆ ಇಲ್ಲ? ರೈತರು ಕೇಳುತ್ತಿರುವುದೇನು? ಸರ್ಕಾರ ಹೇಳುತ್ತಿರುವುದೇನು? ಎರಡಕ್ಕೂ ಇರುವ ವ್ಯತ್ಯಾಸವೇನು? ಒಂದು ಪ್ರಶ್ನೆಗೆ ಉತ್ತರ ಹೇಳಿದೊಡನೆ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಆ ಪ್ರಶ್ನೆಗೆ ಮುಂದಿನ ಪ್ಯಾರಾ.

ಇಲ್ಲಿ ಅತ್ಯಂತ ಕಷ್ಟದ, ಅತ್ಯಂತ ಫಲ ಕೊಡುವ ಭಾಗವೆಂದರೆ ಒಂದು ಸಂಗತಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವುದು. ಹರಿನೀರಾವರಿಯಲ್ಲಿ ನೀರು ಇಳಿಜಾರಿನ ಬಲದಿಂದಲೇ ಸಾಗುತ್ತದೆ. ಆದ್ದರಿಂದ ಕಾಲುವೆಯ ಮಟ್ಟಕ್ಕಿಂತ ತಗ್ಗಿನಲ್ಲಿರುವ ಹೊಲಕ್ಕೆ ಮಾತ್ರ ಅದು ತಲುಪುತ್ತದೆ. ಏತದಲ್ಲಿ ಪಂಪಿನಿಂದ ನೀರನ್ನು ಎತ್ತಿ ಎತ್ತರದ ನೆಲಕ್ಕೂ ಒಯ್ಯಬಹುದು. ಅದಕ್ಕೆ ವಿದ್ಯುತ್ ಬೇಕು, ಯಂತ್ರದ ನಿರ್ವಹಣೆ ಬೇಕು. ಎತ್ತಿದ ನೀರನ್ನು ಕೊಳವೆಗಳಲ್ಲಿ ಹನಿಯಾಗಿ ಕೊಟ್ಟರೆ ಕಡಿಮೆ ನೀರಿಗೆ ಹೆಚ್ಚು ಎಕರೆ ತೋಯುತ್ತದೆ, ಆದರೆ ಹೊಲದ ತುಂಬ ಹರಿಯುವ ನೀರು ಸಿಗುವುದಿಲ್ಲ. ಇಷ್ಟನ್ನು ಸರಳವಾಗಿ ಬರೆದರೆ ರೈತರ ಬೇಡಿಕೆಯೂ ಸರ್ಕಾರದ ಯೋಜನೆಯೂ ಓದುಗರಿಗೆ ಒಟ್ಟಿಗೆ ಅರ್ಥವಾಗುತ್ತವೆ. ವಿದ್ಯಾರ್ಥಿ ಯಾರ ಪಕ್ಷವನ್ನೂ ಹಿಡಿಯಬೇಕಿಲ್ಲ. ‘ರೈತರು ಹೀಗೆ ಹೇಳುತ್ತಾರೆ’, ‘ಸರ್ಕಾರ ಹೀಗೆ ಹೇಳುತ್ತದೆ’ ಎಂದು ಮಾತು ಯಾರದೆಂದು ತಿಳಿಸಿದರೆ ಸಾಕು. ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂದು ಬೇರ್ಪಡಿಸುವ ಶಿಸ್ತು ಇಲ್ಲಿ ಬರೆಯುತ್ತಲೇ ಬರುತ್ತದೆ. ಪೌರನೀತಿಯ ಪಾಠವನ್ನು ಹತ್ತು ಸಲ ಓದಿದರೂ ಬಾರದ ಶಿಸ್ತು ಇದು.

ಅಂಕಿಗಳ ಬಳಕೆಯೂ ಇದೇ ರೀತಿ. ಅಂಕಿ ಹಾಕಿದರೆ ಪ್ರಬಂಧಕ್ಕೆ ತೂಕ ಬರುತ್ತದೆ ಎಂದು ಗೈಡುಗಳು ನಂಬಿಸುತ್ತವೆ, ಆದರೆ ಅಂಕಿಯನ್ನು ಅರ್ಥಕ್ಕೆ ಜೋಡಿಸುವುದಿಲ್ಲ. ಕೃಷ್ಣಾ ಜಲವಿವಾದದಲ್ಲಿ ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 734 ಟಿಎಂಸಿ ನೀರು ಹಂಚಿತು ಎಂದು ಬರೆದು ಬಿಟ್ಟರೆ ಹತ್ತನೆಯ ತರಗತಿಯ ಓದುಗರಿಗೆ ಏನೂ ತಿಳಿಯುವುದಿಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,830 ಕೋಟಿ ಎಂದು ಪಕ್ಕದಲ್ಲೇ ಹೇಳಿದರೆ ಅಂಕಿಗೆ ಆಕಾರ ಬರುತ್ತದೆ. ಅರ್ಥ ಬಿಡಿಸಲಾಗದ ಅಂಕಿಯನ್ನು ಬಿಟ್ಟುಬಿಡುವುದೇ ಲೇಸು. ಖಚಿತವಿಲ್ಲದ ಅಂಕಿಯನ್ನಂತೂ ಬರೆಯಲೇಬಾರದು. ‘ಇತ್ತೀಚಿನ ಸಮೀಕ್ಷೆಯ ಪ್ರಕಾರ’ ಎಂದು ಯಾವ ಸಮೀಕ್ಷೆ, ಯಾವ ವರ್ಷ ಎಂಬುದಿಲ್ಲದೆ ಶೇಕಡಾವಾರು ಬರೆಸುವ ಅಭ್ಯಾಸ ಮಕ್ಕಳಿಗೆ ಸುಳ್ಳು ಹೇಳಲು ಕೊಡುವ ತರಬೇತಿ. ಇದನ್ನು ಇಷ್ಟು ಕಟುವಾಗಿಯೇ ಹೇಳಬೇಕಾಗಿದೆ.

ಸ್ಥಳೀಯ ವಿಷಯಗಳು ಚಿಕ್ಕವು, ಪರೀಕ್ಷೆಯ ಪ್ರಬಂಧಕ್ಕೆ ದೊಡ್ಡ ವಿಷಯ ಬೇಕು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರ ಇದೇ ತಾಲ್ಲೂಕಿನ ಬಂಡೆಯ ಮೇಲಿದೆ. ಮಸ್ಕಿಯ ಅಶೋಕ ಶಾಸನ ಈ ಭಾಗದ ಎಲ್ಲ ಶಾಲೆಗಳಲ್ಲಿ ಹೆಮ್ಮೆಯಿಂದ ಹೇಳುವ ಸಂಗತಿ. ಆದರೆ ಅದರ ಮೇಲಿನ ಸಿದ್ಧ ಪ್ರಬಂಧ ‘ಮಸ್ಕಿಯ ಹೆಸರು ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡುವಂಥದ್ದು’ ಎಂದು ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ಏಕೆ ಬರೆದಿಡಬೇಕು ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಬೇಕಾದರೆ ಹಿಂದಿನಿಂದ ಬರಬೇಕು. 1837ರ ಹೊತ್ತಿಗೆ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ. ದೇಶದ ಹಲವೆಡೆ ಕಂಬಗಳ ಮೇಲೆ, ಬಂಡೆಗಳ ಮೇಲೆ ಕೆತ್ತಿದ ಆಜ್ಞೆಗಳು ಓದಿಗೆ ಸಿಕ್ಕವು. ಆದರೆ ಅವುಗಳಲ್ಲಿ ಅರಸನ ಹೆಸರಿರಲಿಲ್ಲ, ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಪ್ರಿನ್ಸೆಪ್ ಮೊದಲು ಅವು ಸಿಂಹಳದ ಒಬ್ಬ ರಾಜನವಿರಬೇಕು ಎಂದುಕೊಂಡ. ಪ್ರಿಯದರ್ಶಿ ಎಂದರೆ ಮೌರ್ಯ ಅಶೋಕ ಎಂದು ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ತೋರಿಸಿದ. ಗ್ರಂಥದ ಆಧಾರವಿತ್ತು, ಕಲ್ಲಿನ ಆಧಾರ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಅದರಲ್ಲಿ ಸ್ಪಷ್ಟವಾಗಿತ್ತು. ಬೇರೆ ಬೇರೆ ಕಡೆಯ ಆಜ್ಞೆಗಳನ್ನು ಹೊರಡಿಸಿದ ಅರಸ ಯಾರೆಂಬುದಕ್ಕೆ ಶಾಸನದ ಸಾಕ್ಷಿ ಮೊದಲ ಬಾರಿಗೆ ಸಿಕ್ಕಿತು. ಮುಂದೆ ಮಧ್ಯಪ್ರದೇಶದ ಗುಜ್ಜರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳ ಶಾಸನಗಳಲ್ಲೂ ಆ ಹೆಸರು ಕಂಡಿತು.

ಈ ಪ್ಯಾರಾದಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ಮಸ್ಕಿಯ ಮಹತ್ವ ಏನೆಂದು ಓದಿದವರಿಗೆ ತಿಳಿಯುತ್ತದೆ. ಏನು ಗೊತ್ತಿರಲಿಲ್ಲ, ಏನು ಸಿಕ್ಕಿತು, ಸಿಕ್ಕ ಮೇಲೆ ಏನು ಬದಲಾಯಿತು ಎಂಬ ಕ್ರಮವೇ ಆ ಕೆಲಸ ಮಾಡುತ್ತದೆ. ಯಾವ ಶೋಧದ ಬಗ್ಗೆ ಬರೆಯುವಾಗಲೂ ಈ ಕ್ರಮ ಒದಗುತ್ತದೆ. ಕಾಲುವೆಯಂಥ ವಿಷಯಕ್ಕೆ ಕಾರಣ–ಪರಿಣಾಮದ ಕ್ರಮ ಬೇಕು, ಯಂತ್ರದ ವಿಷಯಕ್ಕೆ ಭಾಗದಿಂದ ಭಾಗಕ್ಕೆ ಸಾಗುವ ಕ್ರಮ ಬೇಕು. ಎಲ್ಲ ವಿಷಯಕ್ಕೂ ಒಂದೇ ಮೂರು ಕಂಬದ ಚಪ್ಪರ ಹಾಕುವ ಪದ್ಧತಿ ಈ ವಿವೇಚನೆಯನ್ನೇ ಹುಟ್ಟಲು ಬಿಡುವುದಿಲ್ಲ.

ಪೀಠಿಕೆ ಬೇಡವೇ, ಉಪಸಂಹಾರ ಬೇಡವೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಆರಂಭ ಎಲ್ಲ ಬರಹಕ್ಕೂ ಬೇಕು, ‘ಪೀಠಿಕೆ’ ಎಂಬ ಉಪಶೀರ್ಷಿಕೆ ಬೇಡ. ಮೊದಲ ವಾಕ್ಯವೇ ವಿಷಯವನ್ನು ಹಿಡಿಯಬೇಕು. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾಗುವ ವಾಕ್ಯವನ್ನು ಅಳಿಸಿದರೆ ಯಾವ ಪ್ರಬಂಧಕ್ಕೂ ನಷ್ಟವಿಲ್ಲ. ಹೇಳುವುದು ಮುಗಿದ ಜಾಗವೇ ಕೊನೆ. ಹೇಳಿದ್ದನ್ನೇ ಮತ್ತೆ ಹೇಳಿ, ಕೊನೆಗೊಂದು ಉಪದೇಶ ಸೇರಿಸುವುದು ಓದುಗರಿಗೆ ಮೊದಲ ಸಲ ಅರ್ಥವಾಗಿಲ್ಲ ಎಂದು ಬರೆದವರೇ ಒಪ್ಪಿಕೊಂಡಂತೆ. ಗಾದೆಗಳ ವಿಷಯವೂ ಅಷ್ಟೇ. ಗಾದೆ ಕನ್ನಡದ ದೊಡ್ಡ ಸಂಪತ್ತು. ವಾದ ನಡೆಯುವ ಕಡೆ, ಬದುಕಿನ ಅನುಭವ ಹೇಳುವ ಕಡೆ ಅದಕ್ಕೆ ಜಾಗವಿದೆ. ಮಾಹಿತಿ ಇಲ್ಲದ ಕಡೆ ಅದನ್ನು ತುಂಬುವುದು ಗಾದೆಗೂ ಅವಮಾನ, ಓದುಗರಿಗೂ ಮೋಸ.

ಇನ್ನು ವಾಕ್ಯದ ಮಾತು. ಉದ್ದುದ್ದದ ಸಮಾಸ, ಬಿಗಿಯಾದ ಸಂಸ್ಕೃತ ಪದ, ‘ನಿರ್ಮಿಸಲ್ಪಟ್ಟಿತು’, ‘ಕೈಗೊಳ್ಳಲ್ಪಟ್ಟಿತು’ ಎಂಬಂಥ ಕ್ರಿಯಾಪದ ಇದ್ದರೆ ಭಾಷೆ ಪ್ರೌಢವಾಯಿತು ಎಂಬ ನಂಬಿಕೆ ಇದೆ. ಆ ನಂಬಿಕೆ ಹುಟ್ಟಿಸುವ ವಾಕ್ಯ ಹೀಗಿರುತ್ತದೆ: ‘ಕರುನಾಡಿನ ಜೀವನಾಡಿಯಾಗಿರುವ ಕೃಷ್ಣಾ ನದಿಗೆ ಅಡ್ಡಲಾಗಿ ನಾರಾಯಣಪುರದಲ್ಲಿ ನಿರ್ಮಿಸಲ್ಪಟ್ಟು ಲಕ್ಷಾಂತರ ರೈತರ ಬಾಳಿಗೆ ಬೆಳಕಾಗಿರುವ ಬಸವಸಾಗರ ಜಲಾಶಯದಿಂದ ಹೊರಡುವ ಬಲದಂಡೆ ಕಾಲುವೆಯು ಅತ್ಯಂತ ಮಹತ್ವಪೂರ್ಣವಾದುದಾಗಿದೆ.’ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುಗರು ಅಲ್ಲಿಯವರೆಗೆ ಎಲ್ಲವನ್ನೂ ನೆನಪಿನಲ್ಲಿ ಹೊತ್ತು ಸಾಗಬೇಕು. ಹೊತ್ತು ತಂದ ಮೇಲೆ ಸಿಕ್ಕಿದ್ದು ‘ಮಹತ್ವಪೂರ್ಣ’ ಎಂಬ ಒಂದು ಪದ. ಅದೇ ವಿಷಯವನ್ನು ಹೀಗೆ ಬಿಡಿಸಬಹುದು: ‘ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಅದರ ಜಲಾಶಯದ ಹೆಸರು ಬಸವಸಾಗರ. ಅಲ್ಲಿಂದ ಎಡಕ್ಕೂ ಬಲಕ್ಕೂ ಕಾಲುವೆಗಳು ಹೊರಡುತ್ತವೆ. ಬಲದಂಡೆಯ ಕಾಲುವೆ ರಾಯಚೂರು ಜಿಲ್ಲೆಗೆ ನೀರು ತರುತ್ತದೆ.’ ನಾಲ್ಕು ವಾಕ್ಯ, ನಾಲ್ಕು ಸಂಗತಿ. ಒಂದು ವಾಕ್ಯಕ್ಕೆ ಒಂದು ಸಂಗತಿ ಎಂಬ ನಿಯಮವನ್ನು ಎಳೆಯ ಬರಹಗಾರರು ಒಂದು ವರ್ಷ ಪಾಲಿಸಿದರೆ ಸಾಕು, ಆಮೇಲೆ ಎರಡು ಸಂಗತಿಗಳನ್ನು ಯಾವಾಗ ಕೂಡಿಸಬಹುದು ಎಂಬುದು ಅವರಿಗೇ ತಿಳಿಯುತ್ತದೆ.

ಸೀಮೆಯ ಮಾತಿನ ಬಗ್ಗೆ ಇರುವ ತಿರಸ್ಕಾರವೂ ಈ ಪದ್ಧತಿಯ ಭಾಗ. ರಾಯಚೂರಿನ ಮಕ್ಕಳ ಕನ್ನಡ ಅಶುದ್ಧ, ಆದ್ದರಿಂದ ಗೈಡಿನ ಶುದ್ಧ ವಾಕ್ಯಗಳನ್ನು ಕೊಡಬೇಕು ಎನ್ನುವವರಿದ್ದಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣ ಒಂದು. ಇಂದಿನ ಕೊಪ್ಪಳ ಅದು. 1997ರವರೆಗೆ ಅದು ರಾಯಚೂರು ಜಿಲ್ಲೆಯದೇ ಭಾಗ. ಅದೇ ಗ್ರಂಥ ಸಂಸ್ಕೃತ ಪದವನ್ನು ಕನ್ನಡಕ್ಕೆ ಹೊಂದದಂತೆ ಬೆಸೆಯುವುದನ್ನು ದೋಷವೆಂದು ಎಣಿಸಿತ್ತು. ಮಾಹಿತಿ ಬರಹಕ್ಕೆ ಸೀಮೆಯ ಪದಗಳು ಎಷ್ಟು ಒದಗುತ್ತವೆ ಎಂಬುದಕ್ಕೆ ಒಂದು ಮಾದರಿ ಕೊಡಬಹುದು. ‘ಎರೆ ಅಂದರೆ ಕಪ್ಪು ಮಣ್ಣಿನ ಭೂಮಿ ಮಳೆಯ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಮಳೆ ನಿಂತ ಮೇಲೂ ಹಿಂಗಾರಿಯಲ್ಲಿ ಅಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಮಸಾರಿ ಅಂದರೆ ಕೆಂಪು ಮಣ್ಣಿನ ಭೂಮಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಅಲ್ಲಿ ಮುಂಗಾರಿಯಲ್ಲೇ ಸಜ್ಜೆ, ಶೇಂಗಾ ಬಿತ್ತುತ್ತಾರೆ. ಮಳೆ ಕೈಕೊಟ್ಟ ವರ್ಷ ಎರಡರಲ್ಲೂ ಕೆಲಸ ಇರುವುದಿಲ್ಲ. ಆಗ ಹಲವು ಕುಟುಂಬಗಳು ಬೆಂಗಳೂರಿನಂಥ ನಗರಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ.’ ಎರೆ, ಮಸಾರಿ, ಹಿಂಗಾರಿ, ಗುಳೆ ಇವು ಕೃಷಿಯ ಖಚಿತ ಪರಿಭಾಷೆ. ಇವನ್ನು ತೆಗೆದು ‘ರೈತ ದೇಶದ ಬೆನ್ನೆಲುಬು’ ಎಂದು ಬರೆಸುವವರು ಹೆಚ್ಚು ತಿಳಿದ ಮಗುವಿನ ಕೈಯಿಂದ ಕಡಿಮೆ ತಿಳಿದ ಬರಹ ಬರೆಸುತ್ತಾರೆ. ಹೊರಗಿನ ಓದುಗರಿಗೆ ಗೊತ್ತಿರದ ಪದ ಬಂದಾಗ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಪದವನ್ನೇ ಕೈಬಿಡಬೇಕಾಗಿಲ್ಲ.

ಹೀಗೆ ಬರೆಯಲು ಕನ್ನಡದಲ್ಲಿ ಮಾದರಿಯೇ ಇಲ್ಲ ಎನ್ನುವವರು ಕನ್ನಡದ ಸ್ವಂತ ಪರಂಪರೆಯನ್ನು ಮರೆತಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರತಂದಾಗ ಆಧುನಿಕ ವಿಜ್ಞಾನ ಹೇಳುವ ಕನ್ನಡ ಗದ್ಯವನ್ನು ಬಹುಮಟ್ಟಿಗೆ ಅವರೇ ಕಟ್ಟಬೇಕಿತ್ತು, ಕಟ್ಟಿದರು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಗಳ ಬಗೆಗಿನ ಪುಸ್ತಕವಾಗಿದ್ದೂ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಮಾಹಿತಿಯ ಬರಹವೂ ಸಾಹಿತ್ಯವೇ ಎಂದು ಕನ್ನಡ ಬಹಳ ಹಿಂದೆಯೇ ಒಪ್ಪಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆ ದಶಕಗಳಿಂದ ಶಾಲೆಗಳಿಗೆ ಬರುತ್ತಿದೆ. ಪ್ರಬಂಧದ ಪಾಠಕ್ಕೆ ಮಾದರಿ ಬೇಕೆಂದರೆ ಈ ಕಪಾಟಿನಲ್ಲಿ ಹುಡುಕಬೇಕು. ಗೈಡಿನಲ್ಲಿ ಹುಡುಕುತ್ತಿರುವುದರಿಂದಲೇ ಮಾದರಿ ಸಿಗುತ್ತಿಲ್ಲ.

ಬಾಯಿಪಾಠದ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಬೇರೆಯದು, ಅದನ್ನು ಗೌರವದಿಂದಲೇ ಎದುರಿಸಬೇಕು. ರಾಯಚೂರು ಸೇರಿದ ಕಲ್ಯಾಣ ಕರ್ನಾಟಕದ ಬಹುಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು, ಉನ್ನತ ಶಿಕ್ಷಣದ ಭಾಷೆಯೂ ಉರ್ದು. ಕನ್ನಡ ಶಾಲೆ ಇಲ್ಲಿ ತಡವಾಗಿ ಬೆಳೆಯಿತು. ಖಾಲಿ ಇರುವ ಶಿಕ್ಷಕ ಹುದ್ದೆಗಳು, ಗುಳೆ ಹೋಗುವ ಮನೆಗಳು, ಮೊದಲ ತಲೆಮಾರಿನ ಓದುಗರು ಈ ಸೀಮೆಯ ವಾಸ್ತವ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ 2013ರಲ್ಲಿ ಜಾರಿಗೆ ಬಂದದ್ದೂ ಈ ಹಿನ್ನಡೆಯ ಕಾರಣಕ್ಕೆ. ಇಂಥಲ್ಲಿ ನಿಧಾನವಾಗಿ ಕಲಿಯುವ ಮಗು ಹೇಗಾದರೂ ಪಾಸಾಗಲಿ, ಬಾಯಿಪಾಠ ಅದಕ್ಕೊಂದು ಊರುಗೋಲು ಎಂಬುದು ಅನೇಕ ಪ್ರಾಮಾಣಿಕ ಶಿಕ್ಷಕರ ಮಾತು. ಅವರ ಕಾಳಜಿ ನಿಜ, ಆದರೆ ತೀರ್ಮಾನ ತಪ್ಪು. ಗೈಡು, ಪಾಸಿಂಗ್ ಪ್ಯಾಕೇಜುಗಳೆಲ್ಲ ಇದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಇದೇ ಭಾಗದ ಯಾದಗಿರಿ, 2025ರಲ್ಲಿ ಇದೇ ಭಾಗದ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಇಡೀ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು. ಫಲಿತಾಂಶಕ್ಕೆ ಕಾರಣಗಳು ಹಲವು, ನಿಜ. ಆದರೆ ಬಾಯಿಪಾಠ ಖಾತರಿಯ ದಾರಿ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಬಾಯಿಪಾಠ ಊರುಗೋಲು ಎನ್ನುವುದೂ ಸರಿಯಲ್ಲ. ಓದಲು ತಡವರಿಸುವ ಮಗುವಿಗೆ ಮೂವತ್ತು ಸಾಲಿನ ಅಪರಿಚಿತ ಭಾಷೆಯನ್ನು ನೆನಪಿಡುವುದು ಅತ್ಯಂತ ಕಷ್ಟದ ಕೆಲಸ. ಒಂದು ಸಾಲು ಮರೆತರೆ ಮುಂದಿನದೆಲ್ಲ ಕಳಚುತ್ತದೆ, ಏಕೆಂದರೆ ಆ ಸಾಲುಗಳನ್ನು ಹಿಡಿದಿಟ್ಟ ಅರ್ಥದ ಸರಪಳಿ ಇರುವುದಿಲ್ಲ. ಬಲ್ಲ ವಿಷಯವನ್ನು ಚಿಕ್ಕ ವಾಕ್ಯಗಳಲ್ಲಿ ಬರೆಯುವುದು ಅದೇ ಮಗುವಿಗೆ ಸುಲಭ. ನೆನಪಿನ ಶಕ್ತಿಯನ್ನು ಇಲ್ಲಿ ಯಾರೂ ಹೀಗಳೆಯುತ್ತಿಲ್ಲ. ಇಸವಿ, ಹೆಸರು, ಅಳತೆಗಳನ್ನು ನೆನಪಿನಲ್ಲಿಡಲೇಬೇಕು. ನೆನಪಿಡಬೇಕಾದ್ದು ಸಂಗತಿಯನ್ನು, ಇನ್ನೊಬ್ಬರ ವಾಕ್ಯವನ್ನಲ್ಲ. ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕು, ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಾರ್ಗದರ್ಶಿ ಸೂತ್ರಗಳಾಗಿಯೇ ಹೇಳಿತು. ಅದು ಬಂದು ಎರಡು ದಶಕ ಕಳೆದರೂ ಪ್ರಬಂಧದ ಪಾಠ ಇದ್ದಲ್ಲೇ ಇದೆ.

ಶಿಕ್ಷಕರಿಗೆ ಬೇಕಾದ ಸಮಯವೂ ಹೆಚ್ಚೇನಲ್ಲ. ವಾರಕ್ಕೊಂದು ಅವಧಿಯಲ್ಲಿ ಒಂದು ಚಿಕ್ಕ ವಿಷಯ ಕೊಟ್ಟು, ಮೊದಲು ಪ್ರಶ್ನೆಗಳನ್ನಷ್ಟೇ ಬರೆಸಬೇಕು. ಉತ್ತರಗಳನ್ನು ಮನೆಯವರಲ್ಲಿ, ಪಂಚಾಯಿತಿಯಲ್ಲಿ, ಪಠ್ಯಪುಸ್ತಕದಲ್ಲಿ ಹುಡುಕಿ ತರಲು ಹೇಳಬೇಕು. ಬರೆದದ್ದನ್ನು ಇನ್ನೊಬ್ಬ ವಿದ್ಯಾರ್ಥಿಗೆ ಓದಲು ಕೊಟ್ಟು, ಅವನಿಗೆ ತಿಳಿಯದ ಜಾಗಕ್ಕೆ ಗೆರೆ ಎಳೆಸಿ, ಆ ಜಾಗವನ್ನು ಮಾತ್ರ ತಿರುಗಿ ಬರೆಸಬೇಕು. ಕಾಗುಣಿತದ ತಪ್ಪನ್ನು ತಿದ್ದುವುದು ಕೊನೆಯ ಹಂತಕ್ಕಿರಲಿ. ಮೊದಲ ದಿನವೇ ಕೆಂಪು ಗೆರೆ ಕಂಡ ಮಗು ಗೈಡಿಗೆ ಮರಳುತ್ತದೆ.

ಆದರೆ ಮೌಲ್ಯಮಾಪನ ಬದಲಾಗದೆ ತರಗತಿ ಬದಲಾಗುವುದಿಲ್ಲ. ಉಪಶೀರ್ಷಿಕೆಗೆ ಅಂಕ, ಗಾದೆಗೆ ಅಂಕ, ಪುಟ ತುಂಬಿದ್ದಕ್ಕೆ ಅಂಕ ಸಿಗುವವರೆಗೆ ಯಾವ ಶಿಕ್ಷಕರೂ ತಮ್ಮ ಮಕ್ಕಳ ಅಂಕವನ್ನು ಪಣಕ್ಕಿಟ್ಟು ಹೊಸ ದಾರಿ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಕೇಳುವುದೂ ನ್ಯಾಯವಲ್ಲ. ಆದ್ದರಿಂದ ಬೇಡಿಕೆ ಇರುವುದು ಪರೀಕ್ಷಾ ಮಂಡಳಿಯ ಮುಂದೆ. ಪ್ರಬಂಧದ ಪ್ರಶ್ನೆಯಲ್ಲಿ ಪ್ರತಿ ವರ್ಷ ಕನಿಷ್ಠ ಒಂದು ವಿಷಯ ವಿದ್ಯಾರ್ಥಿಯ ಸ್ವಂತ ಊರು, ಬೆಳೆ, ಕಸುಬು, ಕೆರೆ, ಕಾಲುವೆಗೆ ಸಂಬಂಧಿಸಿದ್ದಾಗಿರಬೇಕು. ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರದಿಂದ ಪೀಠಿಕೆ–ಉಪಸಂಹಾರಗಳ ಪ್ರತ್ಯೇಕ ಅಂಕವನ್ನು ತೆಗೆದು, ಖಚಿತ ಸಂಗತಿಗೆ, ಕ್ರಮಕ್ಕೆ, ಅರ್ಥವಾಗುವ ವಾಕ್ಯಕ್ಕೆ ಅಂಕ ಹಂಚಬೇಕು. ಸೀಮೆಯ ಪದ ಬಳಸಿದ್ದಕ್ಕೆ ಅಂಕ ಕಳೆಯಬಾರದೆಂದು ಸೂಚನೆಯಲ್ಲೇ ಬರೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಮಂಡಳಿ ಮನಸ್ಸು ಮಾಡಿದರೆ ಮುಂದಿನ ಪ್ರಶ್ನೆಪತ್ರಿಕೆಯಿಂದಲೇ ಇದನ್ನು ಜಾರಿಗೆ ತರಬಹುದು, ತರಬೇಕು.